ಕೇಳೋದು ಬೇರೆ, ಕೇಳೋದು ಬೇರೆ: ಕೋವಿಡ್ ಕಾಲದಲ್ಲಿ ಫೋನಿನೊಳಗೆ ನಡೆದ ಡಾಕ್ಟರ್‌ಗಳ ಸಮ್ಮೇಳನ

 

ಇವತ್ತಿನ ಎಪಿಸೋಡ್ ಶುರುವಾಗೋದು ಒಂದು ರೂಮಿನಿಂದ. 2020ರ ಸೆಪ್ಟೆಂಬರ್ 1, ಸಾಯಂಕಾಲ. ನನ್ನ ದೊಡ್ಡಪ್ಪನ ಮಗಳು ಡಾಕ್ಟರ್. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಷಿಯನ್. ಆಗ ಕೋವಿಡ್ ವಾರ್ಡ್ ಡ್ಯೂಟಿ. ಮನೆಯಲ್ಲಿ ಚಿಕ್ಕ ಮಗು, ವಯಸ್ಸಾದ ಅತ್ತೆ ಇದ್ದಿದ್ರಿಂದ ಅಕ್ಕ ಮಹಡಿ ಮೇಲಿನ ರೂಮಲ್ಲಿ ಒಬ್ಬಳೇ ಇರ್ತಿದ್ಲು. ಊಟದ ತಟ್ಟೆ ಮೆಟ್ಟಿಲ ಮೇಲೆ ಬರೋದು. ಅವತ್ತು ಡ್ಯೂಟಿ ಮುಗಿಸಿ, ಸ್ನಾನ ಮಾಡಿ, ಬಟ್ಟೆ ಸೋಪಿನ ನೀರಲ್ಲಿ ನೆನೆಹಾಕಿ, ಬಿಸ್ಕೆಟ್ ಡಬ್ಬಕ್ಕೆ ಫೋನ್ ಒರಗಿಸಿ ಕೂತ್ಕೊಂಡ್ಲು. ಆ ಫೋನಲ್ಲಿ ನಡೀತಿದ್ದಿದ್ದು ಯುರೋಪಿನ ಹೃದ್ರೋಗ ತಜ್ಞರ ವಾರ್ಷಿಕ ಸಮ್ಮೇಳನ, ಇಎಸ್‌ಸಿ ಕಾಂಗ್ರೆಸ್. ಆ ವರ್ಷ ಅದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೀಬೇಕಿತ್ತು. ನಡೆದಿದ್ದು ಇಂಟರ್‌ನೆಟ್‌ನಲ್ಲಿ.

"ಲೋ, ನನ್ನ ಜನ್ಮದಲ್ಲಿ ನಾನು ಇದಕ್ಕೆ ಹೋಗ್ತಿರ್ಲಿಲ್ಲ ಕಣೋ" ಅಂತ ಆಮೇಲೆ ಫೋನಲ್ಲಿ ಹೇಳಿದ್ಲು. ಆ ಮಾತು ನನ್ನ ತಲೆಯಲ್ಲಿ ಉಳ್ಕೊಂಡಿದೆ.

ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಬಿ.ಕಾಂ. ಓದಿದವನು. ಲೆಕ್ಕ ಹಾಕೋದು ಮಾತ್ರ ಗೊತ್ತು. ಹಾಗಾಗಿ ಇವತ್ತು ಒಂದು ಲೆಕ್ಕ ಹಾಕೋಣ. ಮಹಾಮಾರಿ ಬಂದು ಡಾಕ್ಟರ್‌ಗಳ ಸಮ್ಮೇಳನಗಳೆಲ್ಲ ಆನ್‌ಲೈನ್ ಆದಾಗ ಯಾರಿಗೆ ಏನು ಸಿಕ್ತು, ಏನು ಸಿಗ್ಲಿಲ್ಲ? ಇದ್ರಲ್ಲಿ ನಮಗೇನು ಅಂತ ಕೇಳ್ಬೇಡಿ. ನಮ್ಮನೆಯಲ್ಲೇ ಒಬ್ಬರ ಬಿಪಿ ಮಾತ್ರೆ ವಿಷಯ ಇದ್ರಲ್ಲಿದೆ. ಅದಕ್ಕೆ ಬರ್ತೀನಿ.

ಡಾಕ್ಟರ್‌ಗಳು ಸಮ್ಮೇಳನಕ್ಕೆ ಯಾಕೆ ಹೋಗ್ತಾರೆ?

ನಾವೆಲ್ಲ ಕ್ಲಿನಿಕ್ ಬಾಗಿಲಲ್ಲಿ ಬೋರ್ಡ್ ನೋಡಿರ್ತೀವಿ. "ಡಾಕ್ಟರ್ ಕಾನ್ಫರೆನ್ಸ್‌ಗೆ ಹೋಗಿದ್ದಾರೆ, ಸೋಮವಾರ ಸಿಗುತ್ತಾರೆ." ನೋಡಿದ ತಕ್ಷಣ ಮನಸ್ಸಲ್ಲಿ ಬರೋದು ಗೋವಾ, ಹೋಟೆಲ್, ಬಫೆ. ಅದೂ ಇದೆ, ಇಲ್ಲ ಅನ್ನಲ್ಲ.

ಆದ್ರೆ ಔಷಧ ವಿಜ್ಞಾನ ಕಾಲೇಜು ಮುಗಿದ ದಿನಕ್ಕೆ ನಿಲ್ಲಲ್ಲ. ಹತ್ತು ವರ್ಷದ ಹಿಂದೆ ಓದಿದ ಚಿಕಿತ್ಸೆ ಇವತ್ತು ತಪ್ಪು ಅಂತ ಸಾಬೀತಾಗಿರ್ಬಹುದು. ಹೊಸ ಅಧ್ಯಯನದ ಫಲಿತಾಂಶ ಎಷ್ಟೋ ಸಲ ಮೊದಲು ಹೊರಗೆ ಬರೋದೇ ಇಂಥ ಸಮ್ಮೇಳನದ ವೇದಿಕೆ ಮೇಲೆ. ನಮ್ಮ ದೇಶದ ನಿಯಮವೂ ಇದನ್ನ ಹೇಳುತ್ತೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಿಯಮಗಳ ಪ್ರಕಾರ ಡಾಕ್ಟರ್ ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಇಂಥ ಕಲಿಕೆಯ ಕಾರ್ಯಕ್ರಮಗಳಲ್ಲಿ ಭಾಗವಹಿಸ್ಬೇಕು. ಅಂದ್ರೆ ಕಲಿಯೋದು ಹವ್ಯಾಸ ಅಲ್ಲ, ಕೆಲಸದ ಭಾಗ.

ಈಗ ಖರ್ಚಿನ ಲೆಕ್ಕ. ವಿದೇಶದ ದೊಡ್ಡ ಸಮ್ಮೇಳನ ಅಂದ್ರೆ ರಿಜಿಸ್ಟ್ರೇಷನ್ ಫೀ, ವಿಮಾನ, ವೀಸಾ, ಹೋಟೆಲ್. ಜೊತೆಗೆ ಒಂದು ವಾರ ರಜೆ. ರಜೆ ಕೇಳಿದ್ರೆ "ನಿಮ್ಮ ಬದಲು ಯಾರು?" ಅನ್ನೋ ಪ್ರಶ್ನೆ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯ ಹಿರಿಯರಿಗೆ ಇದು ಸಾಧ್ಯ. ತಾಲ್ಲೂಕು ಆಸ್ಪತ್ರೆಯಲ್ಲಿ ಇರೋದೇ ಒಬ್ಬ ಫಿಸಿಷಿಯನ್ ಆಗಿದ್ರೆ? ಅಕ್ಕ ಹೇಳಿದ್ದು ಅದನ್ನೇ. ಜನ್ಮದಲ್ಲಿ ಹೋಗ್ತಿರ್ಲಿಲ್ಲ.

ಎರಡು ದಿನದಲ್ಲಿ ಬದಲಾದ ಪ್ಲಾನ್

2020ರ ಮಾರ್ಚ್ ನೆನಪಿಸ್ಕೊಳ್ಳಿ. ಅಮೆರಿಕದ ಬೋಸ್ಟನ್ ನಗರದಲ್ಲಿ ಎಚ್‌ಐವಿ ಮತ್ತಿತರ ವೈರಸ್‌ಗಳ ಬಗ್ಗೆ ಕೆಲಸ ಮಾಡೋರ ದೊಡ್ಡ ಸಮ್ಮೇಳನ, ಕ್ರೋಯ್ ಅಂತ ಅದರ ಹೆಸರು. ಮಾರ್ಚ್ 8ಕ್ಕೆ ಶುರು. ಮಾರ್ಚ್ 6ರಂದು, ಅಂದ್ರೆ ಎರಡೇ ದಿನ ಮೊದಲು, ಸಂಘಟಕರು ಯಾರೂ ಬರ್ಬೇಡಿ, ಎಲ್ಲ ಆನ್‌ಲೈನ್ ಅಂದ್ಬಿಟ್ರು. ಮದುವೆಗೆ ಎರಡು ದಿನ ಇರುವಾಗ ಛತ್ರ ಬದಲಾಯಿಸಿದ ಹಾಗೆ. ಆದ್ರೂ ನಡೆಸಿದ್ರು. ಹೊಸ ಕೊರೊನಾ ವೈರಸ್ ಬಗ್ಗೆ ಒಂದು ವಿಶೇಷ ಗೋಷ್ಠಿಯನ್ನೂ ಸೇರಿಸಿದ್ರು.

ಅದೇ ತಿಂಗಳ ಕೊನೆಗೆ ಶಿಕಾಗೋದಲ್ಲಿ ನಡೀಬೇಕಿದ್ದ ಅಮೆರಿಕದ ಹೃದ್ರೋಗ ತಜ್ಞರ ಸಮ್ಮೇಳನ ಆನ್‌ಲೈನ್ ಆಯ್ತು. ಮೇ ಕೊನೆಗೆ ಕ್ಯಾನ್ಸರ್ ತಜ್ಞರ ಆಸ್ಕೋ ಸಮ್ಮೇಳನ ಕೂಡ.

ಇಲ್ಲಿ ಒಂದು ವಿಷಯ ಗಮನಿಸಿ. ಬೇರೆ ಸಭೆಗಳನ್ನ ರದ್ದು ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಸಾವಿರಾರು ಡಾಕ್ಟರ್‌ಗಳು ಒಂದೇ ಹಾಲಲ್ಲಿ ಕೂತು ಸೋಂಕು ತಗೊಂಡ್ರೆ, ಅವರು ವಾಪಸ್ ಹೋಗೋದು ಎಲ್ಲಿಗೆ? ವಾರ್ಡಿಗೆ. ಅಲ್ಲಿರೋದು ಮೊದಲೇ ನಿತ್ರಾಣವಾದ ರೋಗಿಗಳು. ಇನ್ನೊಂದು ಕಡೆ, ಡಾಕ್ಟರ್‌ಗಳೇ ಕ್ವಾರಂಟೈನ್ ಆದ್ರೆ ವಾರ್ಡ್ ನೋಡೋರು ಯಾರು? ಹಾಗಾಗಿ ಸೇರೋ ಹಾಗೂ ಇಲ್ಲ. ಆದ್ರೆ ಹೊಸ ಕಾಯಿಲೆ ಬಂದು ಎಲ್ಲರೂ ಎಲ್ಲರಿಂದ ಕಲೀಬೇಕಾದ ಸಮಯವೂ ಅದೇ. ನಮ್ಮ ದೇಶದ ಮೊದಲ ಕೋವಿಡ್ ಸಾವು ವರದಿಯಾಗಿದ್ದು ಆ ಮಾರ್ಚ್‌ನಲ್ಲೇ, ನಮ್ಮ ಕಲಬುರಗಿಯಲ್ಲೇ. ಹೇಗೆ ಚಿಕಿತ್ಸೆ ಕೊಡ್ಬೇಕು ಅನ್ನೋ ಪುಸ್ತಕ ಆಗ ಜಗತ್ತಿನಲ್ಲಿ ಎಲ್ಲೂ ಇರ್ಲಿಲ್ಲ.

501ನೇ ಕುರ್ಚಿ

ನಮಗೆ ಕಾಲೇಜಲ್ಲಿ ಮಾರ್ಜಿನಲ್ ಕಾಸ್ಟ್ ಅಂತ ಒಂದು ಪಾಠ ಇತ್ತು. ಇನ್ನೊಬ್ಬರಿಗೆ ಅದೇ ಸೇವೆ ಕೊಡೋಕೆ ಎಷ್ಟು ಹೆಚ್ಚು ಖರ್ಚಾಗುತ್ತೆ ಅನ್ನೋ ಲೆಕ್ಕ. ಹಾಲಲ್ಲಿ 500 ಕುರ್ಚಿ ಇದ್ರೆ 501ನೇ ವ್ಯಕ್ತಿ ಬಂದಾಗ ಕುರ್ಚಿ ಬೇಕು, ಊಟ ಬೇಕು, ಬಹುಶಃ ದೊಡ್ಡ ಹಾಲೇ ಬೇಕು. ಆನ್‌ಲೈನ್‌ನಲ್ಲಿ 501ನೇ ವ್ಯಕ್ತಿಗೆ ಆಗೋ ಖರ್ಚು ಹೆಚ್ಚೂಕಡಿಮೆ ಸೊನ್ನೆ.

ಇದರ ಪರಿಣಾಮ ನೋಡಿ. 2019ರಲ್ಲಿ ಪ್ಯಾರಿಸ್‌ನಲ್ಲಿ ಇಎಸ್‌ಸಿ ಸಮ್ಮೇಳನ ನಡೆದಾಗ ಸೇರಿದವರು 30 ಸಾವಿರಕ್ಕೂ ಹೆಚ್ಚು. 2020ರಲ್ಲಿ ಆನ್‌ಲೈನ್ ಮಾಡಿ ಪ್ರವೇಶ ಉಚಿತ ಅಂದಾಗ ಹೆಸರು ಕೊಟ್ಟವರು ಒಂದು ಲಕ್ಷಕ್ಕೂ ಹೆಚ್ಚು. ಆ ಲಕ್ಷದಲ್ಲಿ ಒಬ್ಬಳು ನಮ್ಮಕ್ಕ. ಬಿಸ್ಕೆಟ್ ಡಬ್ಬ, ಒರಗಿಸಿದ ಫೋನು.

ಇನ್ನೂ ಒಂದು ಲಾಭ ಇದೆ, ಅದರ ಬಗ್ಗೆ ಜಾಸ್ತಿ ಮಾತಾಡಲ್ಲ. ಸಮ್ಮೇಳನಕ್ಕೆ ಹೋಗೋ ಖರ್ಚನ್ನ ಔಷಧ ಕಂಪನಿಗಳು ಕೊಡೋ ಅಭ್ಯಾಸ ಹಳೇದು. 2009ರ ಡಿಸೆಂಬರ್‌ನಲ್ಲಿ ವೈದ್ಯಕೀಯ ಮಂಡಳಿ ನಿಯಮಕ್ಕೆ ತಿದ್ದುಪಡಿ ತಂದು, ಡಾಕ್ಟರ್‌ಗಳು ಕಂಪನಿಗಳಿಂದ ಉಡುಗೊರೆ, ಪ್ರಯಾಣದ ಖರ್ಚು ತಗೋಬಾರದು ಅಂತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಕಂಪನಿಗಳು ಡಾಕ್ಟರ್‌ಗಳಿಗೆ ಹೀಗೆ ಕೊಟ್ಟ ಹಣವನ್ನ ಬಿಸಿನೆಸ್ ಖರ್ಚು ಅಂತ ತೋರಿಸಿ ಆದಾಯ ತೆರಿಗೆಯಲ್ಲಿ ಕಳೆಯೋ ಹಾಗಿಲ್ಲ ಅಂತು. ಕಾಮರ್ಸ್ ಓದಿದ ನನ್ನಂಥೋರಿಗೆ ಇದು ಸೆಕ್ಷನ್ 37ರ ಪಾಠ. ವಿಮಾನವೇ ಹತ್ತದೇ ಇದ್ದಾಗ ಟಿಕೆಟ್ ಯಾರು ಕೊಡ್ಸಿದ್ರು ಅನ್ನೋ ಪ್ರಶ್ನೆಯೇ ಇಲ್ಲ. ಆದ್ರೆ ಸ್ಕ್ರೀನಿನ ಮೂಲೆಯಲ್ಲಿ ಕಂಪನಿಯ ಲೋಗೋ ಇದ್ರೆ ಆ ಪ್ರಶ್ನೆ ಬೇರೆ ರೂಪದಲ್ಲಿ ವಾಪಸ್ ಬರುತ್ತೆ. ಅಷ್ಟು ನೆನಪಿಟ್ಕೊಳ್ಳಿ ಸಾಕು.

ಅಪ್ಪನ ಬಿಪಿ ಮಾತ್ರೆ

ಈಗ ನಮ್ಮನೆ ಕಥೆ. 2020ರ ಏಪ್ರಿಲ್. ಲಾಕ್‌ಡೌನ್. ಅಪ್ಪನಿಗೆ ಬಿಪಿ ಇದೆ. ದಿನಾ ಬೆಳಿಗ್ಗೆ ಟೆಲ್ಮಿಸಾರ್ಟನ್ ಮಾತ್ರೆ. ಒಂದಿನ ನೋಡಿದ್ರೆ ಮಾತ್ರೆ ಸ್ಟ್ರಿಪ್ ಹಾಗೇ ಇದೆ, ನಾಲ್ಕು ದಿನದಿಂದ ತಗೊಂಡಿಲ್ಲ. ಕೇಳಿದ್ರೆ ವಾಟ್ಸಾಪ್ ತೋರ್ಸಿದ್ರು. ಈ ಜಾತಿಯ ಬಿಪಿ ಮಾತ್ರೆ ತಗೊಂಡ್ರೆ ಕೊರೊನಾ ಜೋರಾಗಿ ಹಿಡಿಯುತ್ತೆ ಅಂತ ಒಂದು ಫಾರ್ವರ್ಡ್.

ಪೂರ್ತಿ ಸುಳ್ಳು ಸುದ್ದಿ ಅಂತ ತಳ್ಳಿಹಾಕೋ ಹಾಗೂ ಇರ್ಲಿಲ್ಲ. ವೈರಸ್ ನಮ್ಮ ಜೀವಕೋಶದೊಳಗೆ ಹೋಗೋಕೆ ಬಳಸೋ ಬಾಗಿಲಿನ ಹೆಸರು ಎಸಿಇ-2. ಈ ಜಾತಿಯ ಮಾತ್ರೆಗಳು ಆ ಬಾಗಿಲುಗಳನ್ನ ಜಾಸ್ತಿ ಮಾಡ್ಬಹುದಾ ಅನ್ನೋ ಅನುಮಾನ ವಿಜ್ಞಾನಿಗಳಿಗೂ ಇತ್ತು. ಅನುಮಾನ ಅಷ್ಟೇ, ಸಾಕ್ಷಿ ಇರ್ಲಿಲ್ಲ. ಮಾರ್ಚ್ 13ರಂದೇ ಯುರೋಪಿನ ತಜ್ಞರು ಮಾತ್ರೆ ನಿಲ್ಲಿಸ್ಬೇಡಿ ಅಂತ ಹೇಳಿಕೆ ಕೊಟ್ಟಿದ್ರು. ನಾನು ಅಕ್ಕನಿಗೆ ಫೋನ್ ಮಾಡಿ ಅಪ್ಪನ ಕೈಗೆ ಕೊಟ್ಟೆ.

"ಚಿಕ್ಕಪ್ಪ, ಮಾತ್ರೆ ಬಿಟ್ಟು ಸ್ಟ್ರೋಕ್ ಹೊಡೆದ್ರೆ ಕೊರೊನಾ ವಾರ್ಡಲ್ಲೂ ಜಾಗ ಇಲ್ಲ, ಬೇರೆ ವಾರ್ಡಲ್ಲೂ ಇಲ್ಲ. ಸುಮ್ನೆ ನುಂಗಿ" ಅಂದ್ಲು.

ಅಪ್ಪ ಸುಮ್ನೆ ನುಂಗಿದ್ರು. ಆದ್ರೆ ಆಮೇಲೆ ನನಗೆ ಮಾತ್ರ ಒಂದು ಮಾತು ಹೇಳಿದ್ಲು. "ನಾನು ಹೇಳಿದ್ದು ಸರಿ ಅಂತ ನಂಬಿದ್ದೀನಿ ಕಣೋ. ಪ್ರೂಫ್ ಇಲ್ಲ."

ಆ ಪ್ರೂಫ್ ಬಂದಿದ್ದು ಸೆಪ್ಟೆಂಬರ್ 1ರ ಸಾಯಂಕಾಲ, ಆ ರೂಮಲ್ಲಿ, ಆ ಫೋನಲ್ಲಿ. ಬ್ರೆಜಿಲ್ ದೇಶದ ಡಾಕ್ಟರ್‌ಗಳು ಬ್ರೇಸ್ ಕೊರೊನಾ ಅನ್ನೋ ಅಧ್ಯಯನದ ಫಲಿತಾಂಶ ಇಟ್ರು. ಈ ಮಾತ್ರೆಗಳನ್ನ ಮೊದಲಿಂದ ತಗೋತಿದ್ದು ಕೋವಿಡ್ ಬಂದು ಆಸ್ಪತ್ರೆ ಸೇರಿದ 659 ಜನ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ 30 ದಿನ ಮಾತ್ರೆ ನಿಲ್ಲಿಸಿದ್ರು, ಇನ್ನೊಂದು ಗುಂಪಿಗೆ ಮುಂದುವರಿಸಿದ್ರು. ಆ 30 ದಿನದಲ್ಲಿ ಎಷ್ಟು ದಿನ ಜೀವಂತವಾಗಿ ಆಸ್ಪತ್ರೆಯ ಹೊರಗಿದ್ರು ಅಂತ ಲೆಕ್ಕ ಹಾಕಿದ್ರು. ಹೇಳಿಕೊಳ್ಳೋ ವ್ಯತ್ಯಾಸ ಸಿಗ್ಲಿಲ್ಲ. ಅಂದ್ರೆ ನಿಲ್ಲಿಸಿದ್ದರಿಂದ ಲಾಭ ಇಲ್ಲ.

ಬ್ರೆಜಿಲ್‌ನಲ್ಲಿ ಮಾಡಿದ ಕೆಲಸ, ಯುರೋಪಿನ ವೇದಿಕೆ, ತುಮಕೂರು ಜಿಲ್ಲೆಯ ಒಂದು ಮಹಡಿ ರೂಮು. ಮಾರನೇ ದಿನ ಬೆಳಿಗ್ಗೆ ಅಕ್ಕ ವಾರ್ಡಿಗೆ ಹೋದಾಗ ಅವಳ ದನಿಯಲ್ಲಿ ಏಪ್ರಿಲ್‌ನಲ್ಲಿ ಇಲ್ದೇ ಇದ್ದ ಧೈರ್ಯ ಇತ್ತು. ಆನ್‌ಲೈನ್ ಸಮ್ಮೇಳನ ಕೊಟ್ಟಿದ್ದು ಇದನ್ನ. ಇದು ಸಣ್ಣದಲ್ಲ.

ಎರಡನೇ ಕೇಳೋದು

ಹಾಗಾದ್ರೆ ಎಲ್ಲ ಚೆನ್ನಾಗೇ ಆಯ್ತಲ್ಲ, ಇನ್ನೇನು ತೊಂದ್ರೆ?

ಕನ್ನಡದಲ್ಲಿ ಒಂದು ಮಜಾ ಇದೆ. "ಕೇಳು" ಅಂದ್ರೆ ಕಿವಿಗೊಡು ಅಂತಲೂ ಹೌದು, ಪ್ರಶ್ನೆ ಹಾಕು ಅಂತಲೂ ಹೌದು. ಹಾಡು ಕೇಳ್ತೀವಿ, ದಾರಿನೂ ಕೇಳ್ತೀವಿ. ಆನ್‌ಲೈನ್ ಸಮ್ಮೇಳನ ಮೊದಲನೇ ಕೇಳೋದನ್ನ ಲಕ್ಷ ಜನಕ್ಕೆ ಕೊಡ್ತು. ಎರಡನೇ ಕೇಳೋದು ಮಾತ್ರ ಕಷ್ಟ ಆಯ್ತು.

2021ರ ಏಪ್ರಿಲ್, ಮೇ. ಎರಡನೇ ಅಲೆ. ಆ ದಿನಗಳನ್ನ ನಾನು ವಿವರಿಸೋದು ಬೇಡ, ನಿಮಗೆಲ್ಲ ಗೊತ್ತು. ಅದಕ್ಕೆ ಒಂದು ವರ್ಷ ಮೊದಲು, 2020ರ ಜೂನ್ 16ಕ್ಕೆ, ಬ್ರಿಟನ್ನಿನ ರಿಕವರಿ ಅನ್ನೋ ಅಧ್ಯಯನದಿಂದ ಒಂದು ಒಳ್ಳೆ ಸುದ್ದಿ ಬಂದಿತ್ತು. ಡೆಕ್ಸಾಮೆಥಸೋನ್ ಅನ್ನೋ ಅಗ್ಗದ ಸ್ಟಿರಾಯ್ಡ್ ಜೀವ ಉಳಿಸುತ್ತೆ. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆ, ಆಕ್ಸಿಜನ್ ಮೇಲಿದ್ದವರಲ್ಲಿ ಸುಮಾರು ಐದನೇ ಒಂದರಷ್ಟು. ಆದ್ರೆ ಅದೇ ಸುದ್ದಿಯ ಇನ್ನರ್ಧ: ಆಕ್ಸಿಜನ್ ಬೇಕಿಲ್ಲದವರಿಗೆ ಲಾಭ ಕಾಣ್ಲಿಲ್ಲ.

ಮೊದಲರ್ಧ ಎಲ್ಲರ ಕಿವಿಗೂ ಬಿತ್ತು. ಎರಡನೇ ಅರ್ಧ ಎಷ್ಟೋ ಜನರಿಗೆ ತಲುಪಲೇ ಇಲ್ಲ. ಪಕ್ಕದ ಮನೆಯವರ ಚೀಟಿ ನೋಡಿ ಮೆಡಿಕಲ್ ಶಾಪಲ್ಲಿ ಸ್ಟಿರಾಯ್ಡ್ ತಗೊಂಡವರಿದ್ರು. ಆಮೇಲೆ ಬ್ಲ್ಯಾಕ್ ಫಂಗಸ್ ಬಂತಲ್ಲ, ಅದರ ಹಿಂದೆ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ಬೇಕಾಬಿಟ್ಟಿ ಸ್ಟಿರಾಯ್ಡ್ ಎರಡೂ ಇದ್ವು ಅಂತ ತಜ್ಞರು ಹೇಳಿದ್ರು.

ಆ ಸಮಯದಲ್ಲಿ ಅಕ್ಕನ ಹತ್ರ ಒಬ್ಬ ರೋಗಿ. ಜ್ವರ ಬಂದು ಆರನೇ ದಿನ, ಶುಗರ್ ತುಂಬಾ ಜಾಸ್ತಿ, ಆಕ್ಸಿಜನ್ ಮಟ್ಟ ಗಡಿಯಲ್ಲಿ. ಒಂದು ಗಂಟೆ ಚೆನ್ನಾಗಿರುತ್ತೆ, ಇನ್ನೊಂದು ಗಂಟೆ ಇಳಿಯುತ್ತೆ. ಮನೆಯವರು ಸ್ಟಿರಾಯ್ಡ್ ಕೊಡಿ ಅಂತ ಕೈಮುಗೀತಿದ್ದಾರೆ. ಕೊಡ್ಬೇಕಾ, ಕಾಯ್ಬೇಕಾ? ಅವತ್ತು ರಾತ್ರಿ ಒಂದು ವೆಬಿನಾರ್ ಇತ್ತು. ನೂರಾರು ಡಾಕ್ಟರ್‌ಗಳು ಸೇರಿದ್ರು. ಅಕ್ಕ ಚಾಟ್‌ನಲ್ಲಿ ಪ್ರಶ್ನೆ ಟೈಪ್ ಮಾಡಿದ್ಲು. ಮೇಲಿಂದ ಮೇಲೆ ಬೇರೆ ಪ್ರಶ್ನೆಗಳು ಬಂದು ಅವಳ ಪ್ರಶ್ನೆ ಮೇಲಕ್ಕೆ ಜಾರಿ ಹೋಯ್ತು. ಕೊನೆಗೆ ನಿರೂಪಕರು "ಸಮಯದ ಅಭಾವದಿಂದ" ಅಂದ್ರು. ಮುಗೀತು. ಇ-ಸರ್ಟಿಫಿಕೇಟ್ ಮಾತ್ರ ಮೇಲ್‌ಗೆ ಬಂತು.

ಹಾಲಲ್ಲಾಗಿದ್ರೆ ಏನಾಗ್ತಿತ್ತು? ಭಾಷಣ ಮುಗಿದ ಮೇಲೆ ಕಾಫಿ ಕೌಂಟರ್ ಹತ್ರ ಆ ಹಿರಿಯ ಡಾಕ್ಟರನ್ನ ಹಿಡೀಬಹುದಿತ್ತು. "ಸಾರ್, ಒಂದೇ ನಿಮಿಷ, ನನ್ನ ಒಬ್ಬ ಪೇಷಂಟ್..." ಅಂತ. ನಾಚಿಕೆ ಆಗೋ ಪ್ರಶ್ನೆಗಳನ್ನ ಡಾಕ್ಟರ್‌ಗಳು ಕೇಳೋದೇ ಅಲ್ಲಿ. ಮೈಕ್ ಹಿಡ್ಕೊಂಡು "ನನಗೆ ಇದು ಗೊತ್ತಿಲ್ಲ" ಅನ್ನೋಕೆ ಯಾರಿಗೂ ಇಷ್ಟ ಇಲ್ಲ. ಸ್ಕ್ರೀನಲ್ಲಿ ಎಲ್ಲ ಇತ್ತು, ಆ ಕಾಫಿ ಕೌಂಟರ್ ಇರ್ಲಿಲ್ಲ.

ಆ ರಾತ್ರಿ ಅಕ್ಕ ಮಾಡಿದ್ದು ಇಷ್ಟು. ತನ್ನ ಬ್ಯಾಚಿನ ಹತ್ತು ಹನ್ನೆರಡು ಜನ ಡಾಕ್ಟರ್‌ಗಳ ಗುಂಪಿಗೆ ಮೆಸೇಜ್ ಹಾಕಿದ್ಲು. ಅವರೆಲ್ಲ ವಾರಕ್ಕೊಂದು ಸಲ ರಾತ್ರಿ ವಿಡಿಯೋ ಕಾಲ್‌ನಲ್ಲಿ ಸೇರ್ತಿದ್ರು, ಜೊತೆಗೆ ಒಬ್ಬ ಹಳೇ ಮೇಷ್ಟ್ರು. ಆ ಮೇಷ್ಟ್ರು ಐದು ನಿಮಿಷದಲ್ಲಿ ವಾಪಸ್ ಫೋನ್ ಮಾಡಿದ್ರು. ಉತ್ತರ ಕೊಡ್ಲಿಲ್ಲ, ಮೊದಲು ನಾಲ್ಕು ಪ್ರಶ್ನೆ ಕೇಳಿದ್ರು. ನಡೆದಾಡಿಸಿದಾಗ ಎಷ್ಟು ಬರುತ್ತೆ? ಉಸಿರಾಟ ನಿಮಿಷಕ್ಕೆ ಎಷ್ಟು? ಶುಗರ್‌ಗೆ ಏನು ಕೊಟ್ಟಿದ್ದೀಯ? ಆಕ್ಸಿಮೀಟರ್ ಬೇರೆ ಬೆರಳಿಗೆ ಹಾಕಿ ನೋಡಿದ್ಯಾ? ಆಮೇಲೆ ಏನು ಮಾಡ್ಬೇಕು ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದ್ರು. ಆ ರೋಗಿ ಹುಷಾರಾಗಿ ಮನೆಗೆ ಹೋದ್ರು. ಆ ಫೋನ್ ಕರೆಯಿಂದಲೇ ಹುಷಾರಾದ್ರು ಅಂತ ನಾನು ಹೇಳಲ್ಲ. ಆದ್ರೆ ಆ ರಾತ್ರಿ ಅಕ್ಕ ಒಬ್ಬಳೇ ಇರ್ಲಿಲ್ಲ.

ಇದಕ್ಕೊಂದು ಹೆಸರಿದೆ

ಹೀಗೆ ಎರಡನೇ ಕೇಳೋದನ್ನೇ ಮುಖ್ಯ ಮಾಡ್ಕೊಂಡ ಒಂದು ಪದ್ಧತಿ ಕೋವಿಡ್‌ಗಿಂತ ತುಂಬಾ ಮೊದಲೇ ಇತ್ತು. ಅದರ ಹೆಸರು ಎಕೋ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಡಾ. ಸಂಜೀವ್ ಅರೋರಾ ಅನ್ನೋ ಲಿವರ್ ತಜ್ಞರು ಶುರು ಮಾಡಿದ್ದು. ಅಲ್ಲಿ ಹೆಪಟೈಟಿಸ್-ಸಿ ರೋಗಿಗಳು ದೂರದೂರದ ಹಳ್ಳಿಗಳಿಂದ ಬರ್ಬೇಕಿತ್ತು, ತಿಂಗಳುಗಟ್ಟಲೆ ಕಾಯ್ಬೇಕಿತ್ತು. ಅರೋರಾ ಅವರು ರೋಗಿಗಳನ್ನ ಕರೆಸೋ ಬದಲು ಹಳ್ಳಿಯ ಡಾಕ್ಟರ್‌ಗಳನ್ನ ವಿಡಿಯೋದಲ್ಲಿ ಸೇರಿಸಿದ್ರು. ಅಲ್ಲಿ ಭಾಷಣ ಕಡಿಮೆ. ಹಳ್ಳಿಯ ಡಾಕ್ಟರ್ ತನ್ನ ರೋಗಿಯ ವಿಷಯ ಹೆಸರಿಲ್ಲದೆ ಇಡ್ತಾರೆ, ತಜ್ಞರು ಮತ್ತು ಉಳಿದ ಡಾಕ್ಟರ್‌ಗಳು ಚರ್ಚೆ ಮಾಡ್ತಾರೆ. ಮುಂದಿನ ವಾರ ಆ ರೋಗಿ ಹೇಗಿದ್ದಾರೆ ಅಂತ ಮತ್ತೆ ಮಾತು.

ಇದು ಕೆಲಸ ಮಾಡುತ್ತಾ? 2011ರಲ್ಲಿ 407 ರೋಗಿಗಳ ಲೆಕ್ಕ ಪ್ರಕಟವಾಯ್ತು. ವಿಶ್ವವಿದ್ಯಾಲಯದ ತಜ್ಞರ ಹತ್ರ ಚಿಕಿತ್ಸೆ ಪಡೆದವರಲ್ಲಿ ವೈರಸ್ ಹೋದದ್ದು ಶೇ 57.5 ಜನರಿಗೆ. ಹಳ್ಳಿ ಮತ್ತು ಜೈಲುಗಳಲ್ಲಿ, ಎಕೋ ಡಾಕ್ಟರ್‌ಗಳ ಹತ್ರ ಪಡೆದವರಲ್ಲಿ ಶೇ 58.2. ಹೆಚ್ಚೂಕಡಿಮೆ ಒಂದೇ.

ಇದು ನಮ್ಮೂರಲ್ಲೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಇದೇ ಮಾದರಿಯಲ್ಲಿ ವರ್ಚುವಲ್ ನಾಲೆಜ್ ನೆಟ್‌ವರ್ಕ್ ಅಂತ ನಡೆಸ್ತಿದೆ. ಮಾನಸಿಕ ಕಾಯಿಲೆ, ಕುಡಿತದ ಚಟ ಇಂಥ ವಿಷಯಗಳಲ್ಲಿ ದೂರದ ಊರಿನ ಡಾಕ್ಟರ್‌ಗಳು ತಮ್ಮ ರೋಗಿಗಳ ಬಗ್ಗೆ ಅಲ್ಲಿಯ ತಜ್ಞರ ಜೊತೆ ಮಾತಾಡಬಹುದು. ಇದಕ್ಕೂ ಬೇಕಿರೋದು ಫೋನು ಮತ್ತು ನೆಟ್‌ವರ್ಕ್ ಅಷ್ಟೇ. ಸಾಧನ ಒಂದೇ, ಬಳಸೋ ರೀತಿ ಬೇರೆ.

ಲೆಕ್ಕದ ಕೊನೆ ಸಾಲು

ಇನ್ನೊಂದು ಖರ್ಚು ಉಳೀತು. ಆಪರ್ಚುನಿಟಿ ಕಾಸ್ಟ್. ಒಂದು ಕೆಲಸಕ್ಕೆ ಕೊಟ್ಟ ಸಮಯದಲ್ಲಿ ಬಿಟ್ಟುಹೋದ ಇನ್ನೊಂದರ ಬೆಲೆ. ಸಮ್ಮೇಳನಕ್ಕೆ ಊರಿಗೆ ಹೋಗುವಾಗ ಡಾಕ್ಟರ್‌ಗೆ ರಜೆ ಸಿಗ್ತಿತ್ತು. ಆನ್‌ಲೈನ್ ಆದ ಮೇಲೆ "ಮನೆಯಿಂದಲೇ ನೋಡಬಹುದಲ್ಲ" ಅಂತ ರಜೆಯೇ ಹೋಯ್ತು. ಬೇಸಿಗೆಯಲ್ಲಿ ಶಿಕಾಗೋದ ಮಧ್ಯಾಹ್ನ 1 ಗಂಟೆ ಅಂದ್ರೆ ನಮಗೆ ರಾತ್ರಿ 11:30. ಹಗಲೆಲ್ಲ ಪಿಪಿಇ ಕಿಟ್ ಹಾಕ್ಕೊಂಡು ಬೆವರು ಸುರಿಸಿ ಬಂದವಳು ರಾತ್ರಿ ಹನ್ನೊಂದೂವರೆಗೆ ಕಣ್ಣು ಬಿಟ್ಕೊಂಡು ಕಲೀಬೇಕು. ಟಿಕೆಟ್ ಫ್ರೀ ಆಯ್ತು, ಅದರ ಬೆಲೆಯನ್ನ ನಿದ್ದೆಯಲ್ಲಿ ಕಟ್ಟಿದ್ಲು.

ಈಗ ದೊಡ್ಡ ಸಮ್ಮೇಳನಗಳು ಮತ್ತೆ ಹಾಲಿಗೆ ವಾಪಸ್ ಹೋಗಿವೆ. ಇಎಸ್‌ಸಿ 2022ರಲ್ಲಿ ಬಾರ್ಸಿಲೋನಾದಲ್ಲಿ ಸೇರ್ತು, ಆನ್‌ಲೈನ್ ಬಾಗಿಲನ್ನೂ ಇಟ್ಕೊಂಡು. ಆ ಬಾಗಿಲು ಮುಚ್ಚಬಾರದು ಅನ್ನೋದು ನನ್ನ ಮೊದಲ ಮಾತು. ಅಷ್ಟು ಸಾಲದು ಅನ್ನೋದು ಎರಡನೇದು. ತಾಲ್ಲೂಕಿನ ಡಾಕ್ಟರ್‌ಗೆ ವಾರಕ್ಕೆ ಒಂದು ಗಂಟೆ, ಡ್ಯೂಟಿ ಸಮಯದಲ್ಲೇ, ಕಲಿಯೋಕೆ ಮತ್ತು ಕೇಳೋಕೆ ಅಂತ ಬಿಟ್ಟುಕೊಡಬೇಕು. ಕನ್ವೆನ್ಷನ್ ಹಾಲಿನ ಬಾಡಿಗೆ ಮುಂದೆ ಇದು ಏನೂ ಅಲ್ಲ.

ನಮ್ಮ ಪಾಲಿನ ಕೆಲಸವೂ ಇದೆ. ಮುಂದಿನ ಸಲ ಓಪಿಡಿಯಲ್ಲಿ ಕೂತಿದ್ದಾಗ ಡಾಕ್ಟರ್ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಒಂದು ಗಂಟೆ ಬಾಗಿಲು ಹಾಕಿದ್ರೆ, ಮೊಬೈಲ್ ನೋಡ್ತಾ ಕೂತಿದ್ದಾರೆ ಅಂತ ವಿಡಿಯೋ ಮಾಡೋಕೆ ಮುಂಚೆ ಒಂದು ಕ್ಷಣ ಯೋಚಿಸಿ. ನಿಮ್ಮ ವಿಷಯವನ್ನೇ ಯಾರನ್ನೋ ಕೇಳ್ತಿರ್ಬಹುದು.

ಅಪ್ಪ ಈಗಲೂ ಬೆಳಿಗ್ಗೆ ಅದೇ ಮಾತ್ರೆ ತಗೋತಾರೆ. ವಾಟ್ಸಾಪ್ ಫಾರ್ವರ್ಡ್ ಈಗಲೂ ಬರುತ್ತೆ. ಆದ್ರೆ ಈಗ ಮಾತ್ರೆ ನಿಲ್ಲಿಸಲ್ಲ, ಮೊದಲು ಅಕ್ಕನಿಗೆ ಕಳಿಸ್ತಾರೆ. "ಇದು ನಿಜವೇನಮ್ಮ?" ಅಂತ. ಅಕ್ಕ ಕೆಲವು ಸಲ ತಕ್ಷಣ ಹೇಳ್ತಾಳೆ. ಕೆಲವು ಸಲ, "ತಾಳಿ ಚಿಕ್ಕಪ್ಪ, ಕೇಳಿ ಹೇಳ್ತೀನಿ" ಅಂತಾಳೆ.

ನಿಮ್ಮ ಮನೆಯಲ್ಲೂ ಯಾರಾದ್ರೂ ಸುದ್ದಿ ನೋಡಿ ಮಾತ್ರೆ ಬಿಟ್ಟಿದ್ರೆ, ನನ್ನ ಮಾತನ್ನೂ ನಂಬ್ಕೊಂಡು ಕೂರ್ಬೇಡಿ. ನಿಮ್ಮ ಡಾಕ್ಟರನ್ನ ಕೇಳಿ.